ಹಳೆಯ ಹೆರಾಲ್ಡ್ ಕನ್ವರ್ಟಿಬಲ್ ತಗೊಳ್ಳಲಾ? ಮೊದಲು ಕೆಳಗೆ ಮಲಗಿ ನೋಡಿ

ಪ್ರಶ್ನೆ: ನಾನು ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದೇನೆ, ಊರು ತೀರ್ಥಹಳ್ಳಿ ಕಡೆ. ನಮ್ಮಜ್ಜನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿತ್ತು, ಟ್ರಯಂಫ್ ಹೆರಾಲ್ಡೇ ಭಾರತದಲ್ಲಿ ತಯಾರಾದದ್ದು. ಇಲ್ಲಿ ಮನೆ ಹತ್ತಿರವೇ ಒಬ್ಬರು 1965ರ ಟ್ರಯಂಫ್ ಹೆರಾಲ್ಡ್ 1200 ಕನ್ವರ್ಟಿಬಲ್ ಮಾರುತ್ತಿದ್ದಾರೆ. ಹದಿನೈದು ವರ್ಷದಿಂದ ಗ್ಯಾರೇಜಿನಲ್ಲೇ ನಿಂತಿದೆ. ಎಂಜಿನ್ ಕೈಯಲ್ಲಿ ತಿರುಗುತ್ತದೆ, ಸ್ಟಾರ್ಟ್ ಮಾಡಿಲ್ಲ. ಹುಡ್ (ಮಡಚುವ ಬಟ್ಟೆಯ ಚಾವಣಿ) ಹರಿದಿದೆ. ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು. 2,200 ಪೌಂಡ್ ಹೇಳುತ್ತಿದ್ದಾರೆ. ನನಗೆ ಸ್ಪ್ಯಾನರ್ ಕೆಲಸ ಗೊತ್ತು, ವೆಲ್ಡಿಂಗ್ ಬರಲ್ಲ. ಮನೆಗೆ ಒಂದು ಸಣ್ಣ ಗ್ಯಾರೇಜ್ ಇದೆ. ತಗೊಳ್ಳಬಹುದಾ? ಒಂದು ವರ್ಷದಲ್ಲಿ ಮುಗಿಯುತ್ತಾ? ಅಜ್ಜನ ಕಾರಿನ ಒಂದಷ್ಟು ಪಾರ್ಟ್ಸ್ ಊರಿನ ಕೊಟ್ಟಿಗೆಯಲ್ಲಿ ಇನ್ನೂ ಇವೆ, ಉಪಯೋಗಕ್ಕೆ ಬರುತ್ತವಾ?

ಉತ್ತರ:

ನೀವು ಬರೆದದ್ದರಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ಎಂಜಿನ್ ಮೇಲಲ್ಲ, ಹರಿದ ಹುಡ್ ಮೇಲೂ ಅಲ್ಲ. "ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು" ಅಂತ ಬರೆದಿದ್ದೀರಲ್ಲ, ಆ ಸಾಲಿನ ಮೇಲೆ. ಈ ಕಾರಿನ ಬೆಲೆ ಎಷ್ಟು ಅನ್ನೋದು ಆ ಬಾಗಿಲಿನಲ್ಲಿದೆ. ಅದು ಐವತ್ತು ಪೌಂಡಿನ ಸಮಸ್ಯೆಯೂ ಇರಬಹುದು, ಐದು ಸಾವಿರದ ಸಮಸ್ಯೆಯೂ ಇರಬಹುದು. ಹಾಗಾಗಿ ಹೌದು ಅಥವಾ ಬೇಡ ಅಂತ ಈಗಲೇ ಹೇಳಲ್ಲ. ಇನ್ನೊಂದು ಸಲ ಹೋಗಿ ನೋಡಿ ಬನ್ನಿ. ಏನು ನೋಡಬೇಕು ಅಂತ ಹೇಳ್ತೀನಿ.

ಮೊದಲು ಈ ಗಾಡಿ ಹೇಗೆ ಕಟ್ಟಿದ್ದಾರೆ ಅನ್ನೋದು ಸ್ವಲ್ಪ ತಿಳಿದಿರಲಿ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಹೆರಾಲ್ಡ್ ಬಂದದ್ದು 1959ರಲ್ಲಿ. ಆಗ ಬೇರೆ ಕಾರುಗಳೆಲ್ಲ ಚಾಸಿ ಬಿಟ್ಟು, ಬಾಡಿಯೇ ಎಲ್ಲ ಭಾರ ಹೊರುವ ಹಾಗೆ ಮಾಡುತ್ತಿದ್ದ ಕಾಲ. ಸ್ಟ್ಯಾಂಡರ್ಡ್-ಟ್ರಯಂಫ್‌ನವರಿಗೂ ಹಾಗೇ ಮಾಡುವ ಆಸೆ ಇದ್ದಿರಬಹುದು, ಆದರೆ ಅವರಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಂಪನಿಯನ್ನು ಎದುರಾಳಿ ಕಾರು ಕಂಪನಿ ಬಿಎಂಸಿ ಕೊಂಡುಬಿಟ್ಟಿತ್ತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸಲು ಜಾಗವಿಲ್ಲ. ಅದಕ್ಕೆ ಲಾರಿಗೆ ಇರುವ ಹಾಗೆ ಕೆಳಗೊಂದು ಬೇರೆ ಚಾಸಿ ಇಟ್ಟು, ಬಾಡಿಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟ್ ಹಾಕಿ ಜೋಡಿಸಿದರು. ಚಂದ ಕಾಣುವ ಹಾಗೆ ಗೆರೆ ಎಳೆದುಕೊಟ್ಟದ್ದು ಇಟಲಿಯ ಜೊವಾನಿ ಮಿಕೆಲೊಟ್ಟಿ. ಇದನ್ನೆಲ್ಲ ಜೋಡಿಸುತ್ತಿದ್ದದ್ದು ನೀವಿರುವ ಕವೆಂಟ್ರಿಯ ಕ್ಯಾನ್ಲಿಯಲ್ಲೇ. ಫ್ಯಾಕ್ಟರಿ ಈಗಿಲ್ಲ, ಆದರೆ ಅಲ್ಲೊಂದು ರಸ್ತೆಗೆ ಹೆರಾಲ್ಡ್ ಅವೆನ್ಯೂ ಅಂತ ಹೆಸರಿದೆ, ಒಂದು ದಿನ ಹೋಗಿ ನೋಡಿ ಬನ್ನಿ.

ಹೀಗೆ ಕಷ್ಟಕ್ಕೆ ಬಿದ್ದು ಮಾಡಿದ್ದೇ ಇವತ್ತು ನಿಮ್ಮಂಥವರಿಗೆ ವರ. ಬಾಡಿ ಬಿಚ್ಚಬಹುದು. ಬಾನೆಟ್ಟು, ಎರಡು ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮುಂದಿನ ಟೈರ್ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಮೊದಲ ಸಲ ಹಳೇ ಕಾರು ರಿಪೇರಿ ಮಾಡುವವರಿಗೆ ನಾನು ಎಂಜಿಬಿಗಿಂತ (ಆ ಕಾಲದ ಇನ್ನೊಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು) ಹೆರಾಲ್ಡೇ ವಾಸಿ ಅಂತ ಹೇಳೋದು ಇದಕ್ಕೇ. ಎಂಜಿಬಿಯಲ್ಲಿ ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದರೆ ಗಾಡಿಯ ಬೆನ್ನೆಲುಬೇ ಹೋದ ಹಾಗೆ, ಕತ್ತರಿಸಿ ವೆಲ್ಡ್ ಮಾಡಲೇಬೇಕು. ಹೆರಾಲ್ಡಿನಲ್ಲಿ ಸಿಲ್ ಅನ್ನೋದು ಬೋಲ್ಟ್ ಹಾಕಿದ ಒಂದು ತಗಡು. ಕೊಳೆತಿದ್ದರೆ ಬಿಚ್ಚಿ ಬಿಸಾಡಿ, ಹೊಸದು ಹಾಕಿ. ಹಾಗಾಗಿ ಮಾರುವವರು "ನೋಡಿ, ಸಿಲ್ ಹೊಸದು" ಅಂತ ತೋರಿಸಿದರೆ ತಲೆ ಆಡಿಸಿ ಸುಮ್ಮನಿರಿ, ಅದಕ್ಕೆ ದುಡ್ಡು ಜಾಸ್ತಿ ಕೊಡಬೇಡಿ.

ಆದರೆ ಇನ್ನೊಂದು ಮುಖ ಇದೆ. ಸಿಲ್ ಭಾರ ಹೊರಲ್ಲ, ಕನ್ವರ್ಟಿಬಲ್‌ಗೆ ಮೇಲೆ ಚಾವಣಿಯೂ ಇಲ್ಲ. ಹಾಗಾದರೆ ಗಾಡಿ ನಡು ಬಗ್ಗದ ಹಾಗೆ ಹಿಡಿದಿರೋದು ಯಾವುದು? ಕೆಳಗಿನ ಚಾಸಿ, ಅಷ್ಟೇ. ಅದು ಸೋತರೆ ಮೊದಲು ಹೇಳುವುದು ಬಾಗಿಲು.

ಆ ಬಾಗಿಲಿಗೆ ಬರೋಣ. ಬಾಗಿಲನ್ನು ಅರ್ಧ ತೆರೆದು, ತುದಿ ಹಿಡಿದು ಮೇಲಕ್ಕೆತ್ತಿ. ಹಿಂಜಿನ ಹತ್ತಿರವೇ ಕಟಕಟ ಅಂತ ಆಡಿದರೆ ಹಿಂಜ್ ಸವೆದಿದೆ, ಸಣ್ಣ ಕೆಲಸ. ಹಿಂಜ್ ಗಟ್ಟಿಯಿದ್ದು, ಹಿಂಜ್ ಕೂತಿರುವ ಕಂಬವೇ ಅಲುಗಿದರೆ ಆ ಕಂಬದ ಬುಡ ತುಕ್ಕು ತಿಂದಿದೆ, ಕಾರ್ಪೆಟ್ ಎತ್ತಿ ಟಾರ್ಚ್ ಹಾಕಿ ನೋಡಿ. ಎರಡೂ ಅಲ್ಲ ಅಂದರೆ ಬಾಗಿಲು ಮುಚ್ಚಿ, ಬಾಗಿಲಿನ ಹಿಂಭಾಗದ ಸಂದು ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲ ಇದ್ದರೆ ಗಾಡಿಯ ನಡು ಕುಸಿದಿದೆ ಅಂತ ಅರ್ಥ. ಮೇಲಿಂದ ಕೆಳಗೆ ಒಂದೇ ಸಮ ಇರಬೇಕು. ನಿಮ್ಮ ಕಿರುಬೆರಳು ಒಳಗೆ ಇಟ್ಟು ಮೇಲಿಂದ ಕೆಳಗೆ ಎಳೆದುಕೊಂಡು ಬಂದರೆ ಸಾಕು, ಅಳತೆಪಟ್ಟಿ ಬೇಡ.

ನಡು ಕುಸಿದಂತೆ ಕಂಡರೂ ತಕ್ಷಣ ಓಡಿಬರಬೇಡಿ. ಬಾಡಿಗೂ ಚಾಸಿಗೂ ನಡುವೆ ಅಲ್ಲಲ್ಲಿ ಪ್ಯಾಕಿಂಗ್ ಇರುತ್ತದೆ. ಯಾರೋ ಪುಣ್ಯಾತ್ಮರು ಹಿಂದೆ ಬಾಡಿ ಬಿಚ್ಚಿ ವಾಪಸ್ ಹಾಕುವಾಗ ಆ ಪ್ಯಾಕಿಂಗ್ ಸರಿಯಾಗಿ ಹಾಕಿರಲ್ಲ. ಅದೂ ಅಲ್ಲದೆ ಹೆರಾಲ್ಡಿನ ಬಾಡಿ ಮುಂದಿನರ್ಧ, ಹಿಂದಿನರ್ಧ ಅಂತ ಎರಡು ತುಂಡು, ನಡುವೆ ಬೋಲ್ಟ್. ಆ ಜೋಡಣೆ ಸ್ವಲ್ಪ ಆಚೀಚೆ ಆದರೂ ಬಾಗಿಲು ಕೂರಲ್ಲ. ಅದನ್ನು ಸಡಿಲಿಸಿ ಹೊಂದಿಸಿಕೊಳ್ಳಬಹುದು, ತಾಳ್ಮೆ ಬೇಕು, ವೆಲ್ಡಿಂಗ್ ಬೇಡ. ಯಾವುದು ಅಂತ ತಿಳಿಯೋಕೆ ಒಂದೇ ದಾರಿ, ಕೆಳಗೆ ಮಲಗಬೇಕು.

ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಒಂದು ಟಾರ್ಚು, ಒಂದು ಮೊಂಡು ಸ್ಕ್ರೂಡ್ರೈವರು, ಒಂದು ಅಯಸ್ಕಾಂತ, ಮಲಗೋಕೆ ಒಂದು ಗೋಣಿಯೋ ರಟ್ಟೋ. ಗಾಡಿಯನ್ನು ಜಾಕ್ ಮೇಲಷ್ಟೇ ನಿಲ್ಲಿಸಿ ಕೆಳಗೆ ಹೋಗಬೇಡಿ, ಆಕ್ಸಲ್ ಸ್ಟ್ಯಾಂಡ್ ಇಡಿ. ಹದಿನೈದು ವರ್ಷ ನಿಂತ ಗಾಡಿ, ಯಾವುದು ಯಾವಾಗ ಮುರಿಯುತ್ತೆ ಹೇಳಕ್ಕಾಗಲ್ಲ.

ಕೆಳಗೆ ಏನಿದೆ ಅಂದರೆ, ನಡುವೆ ಉದ್ದಕ್ಕೆ ಎರಡು ದಪ್ಪ ಕಬ್ಬಿಣದ ಪೆಟ್ಟಿಗೆಯಂಥ ರೈಲು. ಅದರಿಂದ ಎರಡೂ ಬದಿಗೆ ಕೈ ಚಾಚಿದ ಹಾಗೆ ಔಟ್‌ರಿಗ್ಗರ್‌ಗಳು. ಆ ಕೈಗಳ ತುದಿಗಳನ್ನು ಸೇರಿಸುವ ಸೈಡ್ ರೈಲು. ಸೈಡ್ ರೈಲು, ಔಟ್‌ರಿಗ್ಗರ್, ಡಿಕ್ಕಿಯ ಕೆಳಗಿನ ತುಂಡುಗಳು ಕೊಳೆತಿರೋದು ಸಾಮಾನ್ಯ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಓಡಿದಷ್ಟು ವರ್ಷ ಅದನ್ನು ಕುಡಿದ ಕಬ್ಬಿಣ ಇನ್ನೇನಾಗುತ್ತೆ. ಈ ತುಂಡುಗಳು ಹೊಸದಾಗಿ ಸಿಗುತ್ತವೆ, ಬೆಲೆ ಹೆಚ್ಚಿಲ್ಲ, ಒಬ್ಬ ಒಳ್ಳೆ ವೆಲ್ಡರ್ ಒಂದೆರಡು ದಿನದಲ್ಲಿ ಹಾಕಿಕೊಡುತ್ತಾನೆ. ಇದಕ್ಕೆ ಹೆದರಬೇಡಿ. ಚೌಕಾಸಿಗೆ ಬಳಸಿಕೊಳ್ಳಿ.

ಹೆದರಬೇಕಾದದ್ದು ನಡುವಿನ ಆ ಎರಡು ರೈಲುಗಳಿಗೆ. ಅದರಲ್ಲೂ ಹಿಂದೆ, ಡಿಫ್ರೆನ್ಶಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗುಂಡು) ನೇತುಹಾಕಿರುವ ಜಾಗದ ಸುತ್ತಮುತ್ತ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ. ಡಬ್ ಅಂದರೆ ಅಲ್ಲಿ ತುದಿಯಿಂದ ಒತ್ತಿ. ತೂತು ಬಿದ್ದರೆ ಮಾರುವವರಿಗೆ ತೋರಿಸಿ, ನಮಸ್ಕಾರ ಹೇಳಿ ಬನ್ನಿ. ತೇಪೆ ಮೇಲೆ ತೇಪೆ ಕಂಡರೂ ಅಷ್ಟೇ. ಕೆಳಗೆಲ್ಲ ದಪ್ಪಗೆ, ತುಕ್ಕು ತಡೆಯುವ ಕಪ್ಪು ಅಂಡರ್‌ಸೀಲ್ ಬಳಿದಿದ್ದು, ಅದೂ ಹೊಸದಾಗಿ ಹೊಳೆಯುತ್ತಿದ್ದರೆ ನನಗಂತೂ ಅನುಮಾನ ಬರುತ್ತೆ. ಹದಿನೈದು ವರ್ಷ ನಿಂತ ಗಾಡಿಗೆ ಹೊಸ ಅಂಡರ್‌ಸೀಲ್ ಯಾಕೆ?

ಅಯಸ್ಕಾಂತ ಯಾಕೆ ಅಂದರೆ ಪುಟ್ಟಿ ಹಿಡಿಯೋಕೆ. ಮಡ್‌ಗಾರ್ಡಿನ ಅಂಚು, ಹೆಡ್‌ಲೈಟ್ ಸುತ್ತ, ಹಿಂದಿನ ಚಕ್ರದ ಕಮಾನು, ಬಾಗಿಲಿನ ಕೆಳಗಂಚು. ಅಲ್ಲೆಲ್ಲ ಅಯಸ್ಕಾಂತ ಹಿಡಿಯದಿದ್ದರೆ ಒಳಗೆ ತಗಡಿಲ್ಲ, ಪುಟ್ಟಿಯಿದೆ. ಆ ಒಂದೇ ತುಂಡಿನ ಬಾನೆಟ್ ಇದೆಯಲ್ಲ, ಅದನ್ನು ಮಾತ್ರ ಚೆನ್ನಾಗಿ ನೋಡಿ. ಕೊಳೆತ ಬಾನೆಟ್ ಸರಿಮಾಡುವುದು ದುಬಾರಿ, ಒಳ್ಳೆಯದು ಹುಡುಕಿದರೂ ದುಬಾರಿ. ಅದನ್ನು ಸಂದು ಸರಿಯಾಗಿ ಕೂರಿಸಲು ಟಿಂಕರಿಂಗ್‌ನವರು ಅರ್ಧ ದಿನ ಬೈದುಕೊಂಡೇ ಕೆಲಸ ಮಾಡುತ್ತಾರೆ.

ಈಗ ಒಂದು ಅನುಮಾನ ಪರಿಹಾರ ಮಾಡಿಕೊಳ್ಳಬೇಕು. ಅದು ನಿಜವಾಗಿಯೂ ಕನ್ವರ್ಟಿಬಲ್ಲೇ? ಸಲೂನ್, ಅಂದರೆ ಗಟ್ಟಿ ಚಾವಣಿಯ ಹೆರಾಲ್ಡಿನ ಚಾವಣಿಯನ್ನೂ ಬೋಲ್ಟ್ ಹಾಕಿಯೇ ಕೂರಿಸಿರೋದು. ಬಿಚ್ಚಿದರೆ ಆಯಿತು. ಕನ್ವರ್ಟಿಬಲ್‌ಗೆ ಬೆಲೆ ಜಾಸ್ತಿ ಅಂತ ಗೊತ್ತಾದ ಮೇಲೆ ಎಷ್ಟೋ ಸಲೂನ್‌ಗಳು ತಲೆ ಬೋಳಿಸಿಕೊಂಡಿವೆ. ಬಾನೆಟ್ ಎತ್ತಿ, ಬಲ್ಕ್‌ಹೆಡ್ (ಎಂಜಿನ್‌ಗೂ ಸೀಟಿನ ಜಾಗಕ್ಕೂ ನಡುವಿನ ಗೋಡೆ) ಮೇಲಿರುವ ಚಾಸಿ ನಂಬರಿನ ಪ್ಲೇಟ್ ನೋಡಿ. 1200ಕ್ಕೆ ನಂಬರ್ ಜಿಎ ಅಂತ ಶುರುವಾಗಿ, ಕನ್ವರ್ಟಿಬಲ್ ಆದರೆ ಸಿವಿ ಅಂತ ಮುಗಿಯಬೇಕು. ಡಿಎಲ್ ಅಂತ ಇದ್ದರೆ ಅದು ಹುಟ್ಟಿದ್ದು ಸಲೂನ್ ಆಗಿ. ಪ್ಲೇಟ್ ಬದಲಾಯಿಸಿರಬಹುದು ಅನಿಸಿದರೆ ಹಿಂದಿನ ಸೀಟ್ ನೋಡಿ. ನಿಜವಾದ ಕನ್ವರ್ಟಿಬಲ್‌ನಲ್ಲಿ ಹುಡ್ ಮಡಚಿ ಇಡಲು ಎರಡೂ ಬದಿ ಜಾಗ ಬಿಟ್ಟಿರುವುದರಿಂದ ಹಿಂದಿನ ಸೀಟ್ ಕಿರಿದು. ಇನ್ನೂ ಸಂಶಯ ಇದ್ದರೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರ ಹತ್ತಿರ ಫ್ಯಾಕ್ಟರಿಯ ದಾಖಲೆಗಳಿವೆ, ದುಡ್ಡು ಕಟ್ಟಿದರೆ ಸರ್ಟಿಫಿಕೇಟ್ ಕೊಡುತ್ತಾರೆ. ನಿಮಗೆ ಅರ್ಧ ಗಂಟೆಯ ದಾರಿ ಅಷ್ಟೆ.

ಚಾವಣಿ ತೆಗೆದ ಸಲೂನ್ ಆದರೆ ಓಡಿಸಲೇಬಾರದು ಅಂತ ನಾನು ಹೇಳಲ್ಲ. ಚಾಸಿ ಬೇರೆ ಇರುವುದರಿಂದ ಹೆರಾಲ್ಡ್ ಅದನ್ನು ತಡೆದುಕೊಳ್ಳುತ್ತೆ, ನಮ್ಮೂರ ಕಡೆ ಕೆಲವರು ಫಿಯೆಟ್ 1100ರ ತಲೆ ಕತ್ತರಿಸಿ "ಓಪನ್ ಟಾಪ್" ಅಂತ ಮದುವೆ ಮೆರವಣಿಗೆಗೆ ಬಿಡುತ್ತಾರಲ್ಲ, ಅದರ ಹಾಗಲ್ಲ. ಫಿಯೆಟ್‌ಗೆ ಬಾಡಿಯೇ ಚಾಸಿ, ತಲೆ ಕತ್ತರಿಸಿದರೆ ನಡುವೂ ಹೋಯಿತು. ಆದರೂ ಕನ್ವರ್ಟಿಬಲ್ ಬೆಲೆ ಕೊಟ್ಟು ಸಲೂನ್ ತರಬೇಡಿ.

ಹುಡ್ ಹರಿದಿದೆ ಅಂದಿರಿ. ಬಟ್ಟೆ ಹರಿದಿದ್ದರೆ ಚಿಂತೆ ಇಲ್ಲ, ರೆಡಿಮೇಡ್ ಸಿಗುತ್ತದೆ. ಬಟ್ಟೆಯ ಒಳಗಿನ ಮಡಚುವ ಕಬ್ಬಿಣದ ಫ್ರೇಮ್ ಪೂರ್ತಿ ಇದೆಯಾ, ಎದ್ದು ನಿಲ್ಲುತ್ತಾ, ಮುಂದೆ ಗಾಜಿನ ಮೇಲೆ ಸರಿಯಾಗಿ ಬಂದು ಕೂರುತ್ತಾ, ಅದನ್ನು ನೋಡಿ. ಫ್ರೇಮ್ ಇಲ್ಲದಿದ್ದರೆ ಹುಡುಕಿ ಹುಡುಕಿ ಸಾಕಾಗುತ್ತೆ. ಹುಡ್ ಹರಿದು ಎಷ್ಟು ವರ್ಷ ಆಯಿತು ಅಂತಲೂ ಕೇಳಿ. ಒಳಗೆ ನೀರು ಇಳಿದು ಕಾರ್ಪೆಟ್ ಕೆಳಗಿನ ಫೆಲ್ಟ್ ಒದ್ದೆಯಾಗಿಯೇ ಕೂತಿದ್ದರೆ ನೆಲದ ತಗಡು ಮೇಲಿನಿಂದ ಕೊಳೆತಿರುತ್ತದೆ. ಕೆಳಗಿನಿಂದ ನೋಡಿದರೆ ಚೆನ್ನಾಗೇ ಕಾಣುತ್ತೆ, ಅದೇ ಮೋಸ.

ಎಂಜಿನ್ ಬಗ್ಗೆ ನನಗೆ ಅಷ್ಟೇನೂ ಚಿಂತೆಯಿಲ್ಲ. 1147 ಸಿಸಿಯ ಸರಳ ಎಂಜಿನ್, ಕೈಯಲ್ಲಿ ತಿರುಗುತ್ತೆ ಅಂದರೆ ಅರ್ಧ ಗೆದ್ದ ಹಾಗೆ. ಆದರೆ ಈ ಟ್ರಯಂಫ್ ಎಂಜಿನ್‌ಗಳಿಗೆ ಒಂದು ಮನೆರೋಗ ಇದೆ, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದ ಹಾಗೆ ಹಿಡಿಯುವ ಥ್ರಸ್ಟ್ ವಾಷರ್ ಸವೆಯುವುದು. ಸವೆದು ಸವೆದು ಕೊನೆಗೆ ಕೆಳಗೆ ಆಯಿಲ್ ಇರುವ ಸಂಪ್‌ಗೆ ಬಿದ್ದರೆ ಕ್ರ್ಯಾಂಕೇ ಬ್ಲಾಕನ್ನು ತಿನ್ನಲು ಶುರುಮಾಡುತ್ತದೆ. ಪರೀಕ್ಷೆ ಸುಲಭ. ಮಾರುವವರನ್ನು ಒಳಗೆ ಕೂರಿಸಿ ಕ್ಲಚ್ ಒತ್ತಿ ಬಿಡಲು ಹೇಳಿ, ನೀವು ಮುಂದೆ ಕ್ರ್ಯಾಂಕ್ ಪುಲ್ಲಿ ನೋಡುತ್ತಿರಿ. ಅದು ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಸರಿದರೆ ಕೆಲಸ ಇದೆ. ಹದಿನೈದು ವರ್ಷ ನಿಂತದ್ದರಿಂದ ಕ್ಲಚ್ಚೇ ಕೆಲಸ ಮಾಡದೇ ಇರಬಹುದು, ಆಗ ಪುಲ್ಲಿಯನ್ನು ಸಣ್ಣ ಲಿವರ್‌ನಿಂದ ಹಿಂದೆ ಮುಂದೆ ತಳ್ಳಿ ನೋಡಿ. ಮತ್ತೆ ದಯವಿಟ್ಟು "ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂತ ಹೊಸ ಬ್ಯಾಟರಿ ತಗೊಂಡು ಹೋಗಬೇಡಿ. ಹಳೇ ಪೆಟ್ರೋಲ್ ಗೋಂದಾಗಿರುತ್ತೆ, ಸಿಲಿಂಡರ್ ಒಣಗಿರುತ್ತೆ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇರುವುದೂ ಸಾಮಾನ್ಯ, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗಿರುತ್ತದೆ. ಗೊತ್ತಿಲ್ಲದೆ ಉಲ್ಟಾ ಕೊಟ್ಟರೆ ಹೊಗೆ.

ಎಂಜಿನ್‌ಗಿಂತ ನನಗೆ ಭಯ ಮುಂದಿನ ಚಕ್ರದ ಟ್ರನ್ನಿಯನ್ ಕಂಡರೆ. ಚಕ್ರ ಎಡಬಲ ತಿರುಗುವುದು ಕೆಳಗೊಂದು ಹಿತ್ತಾಳೆ ಬಣ್ಣದ ತುಂಡಿನಲ್ಲಿ, ಅದೇ ಟ್ರನ್ನಿಯನ್, ಅದರೊಳಗೆ ಮರೆ (ಥ್ರೆಡ್) ಇರುವ ಸ್ಟೀಲ್ ಲಿಂಕ್ ತಿರುಗುತ್ತದೆ, ನಟ್ಟಿನೊಳಗೆ ಬೋಲ್ಟ್ ಇದ್ದ ಹಾಗೆ. ಅದಕ್ಕೆ ಹಾಕಬೇಕಾದ್ದು ಗೇರ್ ಆಯಿಲ್, ಇಪಿ90. ಗ್ರೀಸ್ ಅಲ್ಲ. ಗ್ರೀಸ್ ಗನ್ ಹಿಡಿದು ಗ್ರೀಸೇ ತುಂಬಿದವರು ಬೇಕಾದಷ್ಟು ಜನ. ಗ್ರೀಸ್ ಒಣಗಿ, ನೀರು ಸೇರಿ, ಮರೆಯ ಬುಡದಲ್ಲಿ ತುಕ್ಕು ಹಿಡಿದು ಒಂದು ದಿನ ತುಂಡಾಗುತ್ತದೆ. ಆಗ ಚಕ್ರ ಒಳಕ್ಕೆ ಮಡಚಿ ಮಲಗುತ್ತದೆ. ಬಹಳಷ್ಟು ಸಲ ಇದು ಆಗೋದು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಪಾರ್ಕಿಂಗ್ ಮಾಡುವಾಗ, ಅದೃಷ್ಟ. ಈ ಗಾಡಿ ತಗೊಂಡರೆ ಟ್ರನ್ನಿಯನ್ನೂ ಲಿಂಕೂ ಎರಡೂ ಬದಿ ಹೊಸದು ಹಾಕಿ, ಹಳೆಯದು ಹೇಗಿದೆ ಅಂತ ನೋಡುತ್ತಾ ಕೂರಬೇಡಿ. ಬ್ರೇಕಿನ ರಬ್ಬರ್, ಪೈಪ್, ಟೈರ್ ಕೂಡ ಹಾಗೇ. ನೋಡೋಕೆ ಎಷ್ಟೇ ಚೆನ್ನಾಗಿದ್ದರೂ ಹದಿನೈದು ವರ್ಷದ ಟೈರ್ ಟೈರಲ್ಲ.

ಹಿಂದಿನ ಚಕ್ರಗಳ ಸ್ವಭಾವವನ್ನೂ ಒಂದು ಮಾತಲ್ಲಿ ಹೇಳಿಬಿಡ್ತೀನಿ. ಅಡ್ಡಡ್ಡ ಹಾಕಿದ ಒಂದೇ ಬ್ಲೇಡ್ ಸ್ಪ್ರಿಂಗ್, ಎರಡು ಬದಿ ಬೇರೆ ಬೇರೆ ಜೋಲಾಡುವ ಆಕ್ಸಲ್. ತಿರುವಿನಲ್ಲಿ ಜೋರಾಗಿ ಹೋಗಿ, ಹೆದರಿ ತಟಕ್ಕನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಹಿಂಭಾಗ ಜಾರುತ್ತದೆ. ನಿಧಾನಕ್ಕೆ ಒಳಗೆ ಹೋಗಿ, ಕಾಲು ಒತ್ತಿ ಹೊರಗೆ ಬನ್ನಿ, ಏನೂ ಆಗಲ್ಲ. ಭಾರತದ ರಸ್ತೆಗಳಲ್ಲಿ ಈ ಹಿಂದಿನ ಆಕ್ಸಲ್ ಕೊಟ್ಟ ಕಾಟಕ್ಕೇ ಅಲ್ಲಿ ಹೆರಾಲ್ಡ್ ಮಾಡುತ್ತಿದ್ದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು 1972ರಲ್ಲಿ ಗೆಜೆಲ್ ಅನ್ನೋ ಕಾರು ಮಾಡುವಾಗ ಅದನ್ನು ಬಿಟ್ಟು ಒಂದೇ ಗಟ್ಟಿ ಆಕ್ಸಲ್ ಹಾಕಿದರು. ನಿಮ್ಮಜ್ಜ ಆಗುಂಬೆ ಘಾಟಿ ಇಳಿಸುತ್ತಿದ್ದರೆ ಅವರಿಗೆ ಇದೆಲ್ಲ ಕಾಲಿಗೇ ಗೊತ್ತಿರುತ್ತಿತ್ತು. ಇನ್ನೊಂದು ಕಡೆ ಆ ತಿರುವುಗಳಿಗೆ ಹೆರಾಲ್ಡ್ ಹೇಳಿ ಮಾಡಿಸಿದ ಗಾಡಿಯೇ. ಇಪ್ಪತ್ತೈದು ಅಡಿಯಲ್ಲಿ ಪೂರ್ತಿ ಸುತ್ತು ತಿರುಗುತ್ತದೆ, ಆಟೋ ತಿರುಗಿಸಿದ ಹಾಗೆ.

ಕಾಗದಪತ್ರ. ವಿ5ಸಿ ಲಾಗ್‌ಬುಕ್ ಇರಬೇಕು, ನಮ್ಮ ಆರ್‌ಸಿ ಇದ್ದ ಹಾಗೆ, ಅದರಲ್ಲಿನ ಚಾಸಿ ನಂಬರ್ ಬಲ್ಕ್‌ಹೆಡ್ ಪ್ಲೇಟಿನ ನಂಬರ್‌ಗೆ ಹೊಂದಬೇಕು. "ಕಳೆದುಹೋಗಿದೆ, ಅಪ್ಲೈ ಮಾಡಿದರೆ ಬರುತ್ತೆ" ಅಂದರೆ ಅವರೇ ಅಪ್ಲೈ ಮಾಡಿ ತರಿಸಿಕೊಡಲಿ, ದುಡ್ಡು ಆಮೇಲೆ. ನಲವತ್ತು ವರ್ಷ ದಾಟಿದ ಗಾಡಿಗೆ ಇಲ್ಲಿ ರೋಡ್ ಟ್ಯಾಕ್ಸ್ ಇಲ್ಲ, ಆದರೂ ವರ್ಷಾವರ್ಷ ಸೊನ್ನೆ ಟ್ಯಾಕ್ಸ್‌ಗೆ ಅರ್ಜಿ ಹಾಕಬೇಕು. ಮೂಲ ರೂಪ ತೀರಾ ಬದಲಾಯಿಸದಿದ್ದರೆ ಎಂಒಟಿಯೂ (ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ವಾರ್ಷಿಕ ಪರೀಕ್ಷೆ) ಕಡ್ಡಾಯವಲ್ಲ. ಬರ್ಮಿಂಗ್‌ಹ್ಯಾಮಿನ ಕ್ಲೀನ್ ಏರ್ ಜೋನ್, ಲಂಡನ್ನಿನ ಯೂಲೆಜ್ ಅಂತ ಹೊಗೆ ಉಗುಳುವ ಗಾಡಿಗಳಿಗೆ ಹಾಕುವ ದುಡ್ಡೂ ಕಟ್ಟಬೇಕಿಲ್ಲ. ಆದರೆ ನನ್ನ ಮಾತು ಕೇಳಿ, ಗಾಡಿ ರೆಡಿಯಾದ ಮೇಲೆ ಕಡ್ಡಾಯವಲ್ಲದಿದ್ದರೂ ಎಂಒಟಿ ಮಾಡಿಸಿ. ನೀವೇ ಜೋಡಿಸಿದ ಬ್ರೇಕನ್ನು ಇನ್ನೊಂದು ಜೋಡಿ ಕಣ್ಣು ನೋಡಲಿ. ಕೆಲಸ ನಡೆಯುವಷ್ಟು ದಿನ ಸಾರ್ನ್ ಮಾಡಿಸಿ ಇಟ್ಟಿರಿ, ಅಂದರೆ ರಸ್ತೆಗೆ ಇಳಿಸಲ್ಲ ಅಂತ ಇಲ್ಲಿನ ಆರ್‌ಟಿಒ ಇದ್ದ ಹಾಗಿರುವ ಡಿವಿಎಲ್‌ಎಗೆ ತಿಳಿಸುವುದು.

ಈಗ ಗ್ಯಾರೇಜು. ಇದನ್ನು ಯಾರೂ ಯೋಚಿಸಲ್ಲ. ಹೆರಾಲ್ಡ್ ಚಿಕ್ಕ ಕಾರು, ಉದ್ದ 3.9 ಮೀಟರ್, ಅಗಲ 1.5 ಮೀಟರ್ ಅಷ್ಟೇ. ಇಲ್ಲಿನ ಸಿಂಗಲ್ ಗ್ಯಾರೇಜಿಗೆ ಆರಾಮಾಗಿ ಹೋಗುತ್ತೆ. ಆದರೆ ಆ ಬಾನೆಟ್ ಮುಂದಕ್ಕೆ ಮಗುಚುತ್ತಲ್ಲ, ಮುಂದೆ ಗೋಡೆಯಿದ್ದರೆ ತೆರೆಯೋಕೇ ಆಗಲ್ಲ. ಬಾಡಿ ಬಿಚ್ಚಿದರಂತೂ ಒಂದು ಕಾರು ಎರಡಾಗುತ್ತೆ, ಬಾಡಿ ಒಂದು ಕಡೆ, ಚಾಸಿ ಒಂದು ಕಡೆ. ಮೇಲೆ ಬಾನೆಟ್ಟು, ಬಾಗಿಲು, ಸೀಟು. ನನ್ನ ಮೊದಲ ಹೆರಾಲ್ಡಿನ ಬಾನೆಟ್ ಎಂಟು ತಿಂಗಳು ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಹಿಂದೆ ನಿಂತಿತ್ತು. ಮನೆಯವರು ಅದರ ಮೇಲೆ ಬಟ್ಟೆ ಒಣಹಾಕಿದರು. ನಾನು ಬಾಯಿ ಬಿಡಲಿಲ್ಲ.

ಆ ಮೊದಲ ಗಾಡಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು, ಬಿಚ್ಚಿದ ಗಾಡಿ ತಗೊಂಡದ್ದು. ಮಾರಿದವರು "ಕಷ್ಟದ ಕೆಲಸ ಎಲ್ಲ ನಾನೇ ಮಾಡಿದ್ದೇನೆ, ನೀವು ಜೋಡಿಸಿದರೆ ಆಯಿತು" ಅಂದರು. ಹನ್ನೊಂದು ರಟ್ಟಿನ ಪೆಟ್ಟಿಗೆ. ಮನೆಗೆ ತಂದು ನೋಡಿದರೆ ಎರಡು ಎಡಗಡೆ ಹಿಡಿಕೆ, ಬಲಗಡೆಯದು ಇಲ್ಲವೇ ಇಲ್ಲ, ಅರ್ಧ ಬೋಲ್ಟ್ ಬೇರೆ ಗಾಡಿಯದು. ಎರಡು ಚಳಿಗಾಲ ಬರೀ ಹುಡುಕಾಟದಲ್ಲೇ ಹೋಯಿತು. ನಿಮ್ಮದು ಬಿಚ್ಚದೆ ಇಡಿಯಾಗಿ ನಿಂತಿದೆ ಅನ್ನೋದು ನನ್ನ ಪ್ರಕಾರ ಅದರ ದೊಡ್ಡ ಗುಣ, ಹೊಳೆಯುವ ಪೇಂಟ್‌ಗಿಂತ ದೊಡ್ಡದು. ತಂದ ಮೇಲೆ ನೀವೂ ಮೊದಲ ವಾರವೇ ಎಲ್ಲ ಬಿಚ್ಚಿ ಹರಡಬೇಡಿ. ಒಂದು ಮೂಲೆ ಬಿಚ್ಚಿ, ಫೋಟೋ ತೆಗೆದು, ಸರಿಮಾಡಿ, ವಾಪಸ್ ಹಾಕಿ, ಆಮೇಲೆ ಇನ್ನೊಂದು ಮೂಲೆ. ಬಾಡಿ ಎತ್ತಲೇಬೇಕಾಗಿ ಬಂದರೆ ಎತ್ತುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿ, ಇಲ್ಲದಿದ್ದರೆ ಚಾವಣಿ ಇಲ್ಲದ ಬಾಡಿ ಹಪ್ಪಳದ ಹಾಗೆ ಸೊಟ್ಟ ಆಗುತ್ತೆ.

ದುಡ್ಡಿನ ಮಾತು. ಇದು ನನ್ನ ಅಂದಾಜು, ನಾನು ನೋಡಿದ, ಮಾಡಿದ ಗಾಡಿಗಳ ಮೇಲೆ. ಓಡಾಡುವ ಸ್ಥಿತಿಯಲ್ಲಿರುವ, ಪರವಾಗಿಲ್ಲ ಅನ್ನುವಂಥ ಹೆರಾಲ್ಡ್ ಕನ್ವರ್ಟಿಬಲ್ ಆರರಿಂದ ಎಂಟು ಸಾವಿರ ಪೌಂಡಿಗೆ ಸಿಗುತ್ತದೆ. ನಿಮ್ಮದಕ್ಕೆ 2,200 ಕೊಟ್ಟು, ವೆಲ್ಡಿಂಗ್ ಹೊರಗೆ ಮಾಡಿಸಿ, ಬ್ರೇಕು, ಟೈರು, ಹುಡ್ಡು, ಕ್ಲಚ್ಚು ಅಂತ ಹೋದರೆ ಪೇಂಟ್‌ಗೆ ಮೊದಲೇ ಅದೇ ಆರು ಸಾವಿರ ದಾಟುತ್ತೀರಿ. ಇಡೀ ಗಾಡಿಗೆ ಸರಿಯಾದ ಪೇಂಟ್ ಮಾಡಿಸಿದರೆ ಇನ್ನೊಂದು ನಾಲ್ಕೈದು ಸಾವಿರ. ಅಂದರೆ ಲಾಭ ಅಂತೂ ಇಲ್ಲ. ಓಡಿಸುವ ಆಸೆ ಮಾತ್ರ ಇದ್ದರೆ ಓಡುವ ಗಾಡಿಯನ್ನೇ ತಗೊಳ್ಳಿ, ಬರುವ ಬೇಸಿಗೆಯಲ್ಲೇ ಹುಡ್ ಮಡಚಿ ತಿರುಗಾಡುತ್ತೀರಿ. ಕೈ ಕೊಳೆ ಮಾಡಿಕೊಳ್ಳುವ ಆಸೆಯೇ ಇದ್ದರೆ ಈ ಲೆಕ್ಕ ಮುಖ್ಯ ಅಲ್ಲ, ಆದರೆ ಲೆಕ್ಕ ಗೊತ್ತಿದ್ದು ಇಳಿಯಿರಿ.

ಒಂದು ವರ್ಷದಲ್ಲಿ? ಶನಿವಾರ ಮಾತ್ರ ಕೆಲಸ ಮಾಡುವವರಿಗೆ ಇಲ್ಲ. ಓಡುವ ಹಾಗೆ ಮಾಡೋಕೆ ಒಂದು ವರ್ಷ ಸಾಕು, ಚಂದ ಮಾಡೋಕೆ ಮೂರು. ಅದಕ್ಕೇ ಮೊದಲು ಓಡುವ ಹಾಗೆ ಮಾಡಿ, ಬಣ್ಣ ಹೇಗಿದ್ದರೂ ಇರಲಿ. ಓಡುವ ಗಾಡಿ ಮೂಲೆ ಸೇರಲ್ಲ. ವೆಲ್ಡಿಂಗ್ ಸಂಜೆ ಕ್ಲಾಸುಗಳಿದ್ದರೆ ಸೇರಿ ಕಲಿಯಿರಿ, ಆದರೆ ಕೈ ಪಳಗುವವರೆಗೆ ಚಾಸಿ ಮೇಲೆ ಪ್ರಯೋಗ ಬೇಡ. ಪಾರ್ಟ್ಸ್‌ಗೆ ನೀವು ಇರೋ ಜಾಗವೇ ಪುಣ್ಯಕ್ಷೇತ್ರ, ಕ್ಯಾನ್ಲಿ ಕ್ಲಾಸಿಕ್ಸ್ ಫಿಲೊಂಗ್ಲಿಯಲ್ಲಿದೆ, ಕವೆಂಟ್ರಿ ಪಕ್ಕದಲ್ಲೇ. ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ಬಿಗೆ ಗಾಡಿ ಕೊಳ್ಳುವ ಮೊದಲೇ ಸೇರಿಕೊಳ್ಳಿ. ಅಲ್ಲಿನ ಹಿರಿಯರಲ್ಲಿ ಒಬ್ಬರನ್ನು ಚಹಾ ಕುಡಿಸಿ ಕರೆದುಕೊಂಡು ಹೋದರೆ ನಾನು ಇಷ್ಟುದ್ದ ಬರೆದದ್ದನ್ನು ಅವರು ಹತ್ತು ನಿಮಿಷದಲ್ಲಿ ನೋಡಿಬಿಡುತ್ತಾರೆ.

ಪೆಟ್ರೋಲ್ ವಿಷಯ ಮರೆಯುತ್ತಿದ್ದೆ. 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಇ10, ಅದರಲ್ಲಿನ ಎಥನಾಲ್ ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಪೈಪುಗಳನ್ನೆಲ್ಲ ಬದಲಾಯಿಸಿ, ಎಥನಾಲ್ ಕಡಿಮೆ ಇರುವ ಸೂಪರ್ ಇ5 ಹಾಕಿ.

ಹಾಗಾದರೆ ನನ್ನ ತೀರ್ಮಾನ. ನಡುವಿನ ರೈಲು ಗಟ್ಟಿ, ನಂಬರ್ ಸಿವಿ, ಹುಡ್ ಫ್ರೇಮ್ ಇದೆ, ಲಾಗ್‌ಬುಕ್ ಇದೆ ಅಂದರೆ ತಗೊಳ್ಳಿ, ಆದರೆ 2,200ಕ್ಕೆ ಅಲ್ಲ. ಸ್ಟಾರ್ಟ್ ಆಗದ ಗಾಡಿ, 1,400ರಿಂದ ಶುರುಮಾಡಿ, 1,700 ದಾಟಬೇಡಿ. ಬಾಗಿಲ ಸಂದು ಮೇಲೆ ಕಿರಿದಾಗಿದ್ದು ರೈಲಿನಲ್ಲೂ ತೂತು ಇದ್ದರೆ ಸುಮ್ನೆ ಕೊಟ್ಟರೂ ಬೇಡ. ಸುಮ್ನೆ ಕೊಟ್ಟ ಗಾಡಿ ತಂದು ಸೋತವರನ್ನು ನಾನು ಬಹಳ ನೋಡಿದ್ದೇನೆ. ಕೆಳಗೆ ಮಲಗಿ ನೋಡಲು ಬಿಡಲ್ಲ ಅಂದರೂ ಬೇಡ.

ಕೊನೆಗೆ ಅಜ್ಜನ ಕೊಟ್ಟಿಗೆ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ಮಾಡಿತು, ಆದರೆ ಎಂಜಿನ್ ಕೊನೆಯವರೆಗೂ ಆ ಚಿಕ್ಕ 948 ಸಿಸಿಯದೇ. ಕವೆಂಟ್ರಿಯಲ್ಲಿ ಅದನ್ನು ಬಿಟ್ಟು 1147ಕ್ಕೆ, ಆಮೇಲೆ 1296ಕ್ಕೆ ಹೋದರು. ಹಾಗಾಗಿ ಅಜ್ಜನ ಎಂಜಿನ್ ತಂದು ಇದಕ್ಕೆ ಕೂರಿಸಿದರೆ ಶಕ್ತಿ ಕಡಿಮೆಯಾಗುತ್ತೆ, ಏನೂ ಲಾಭ ಇಲ್ಲ, ಅಷ್ಟು ಭಾರ ಹೊತ್ತು ತರೋದೂ ಬೇಡ. ಅಜ್ಜನದು ಎರಡು ಬಾಗಿಲಿನದ್ದೋ ನಾಲ್ಕು ಬಾಗಿಲಿನದ್ದೋ ಅಂತ ಮನೆಯಲ್ಲಿ ಕೇಳಿ. ಎರಡು ಬಾಗಿಲಿನದ್ದಾದರೆ ಹಿಡಿಕೆ, ಗಾಜು ಏರಿಸುವ ಹ್ಯಾಂಡಲ್, ಲೈಟಿನ ಗಾಜು ಇಂಥ ಸಣ್ಣಪುಟ್ಟದ್ದು ಹೊಂದುವ ಸಾಧ್ಯತೆ ಇದೆ. ಫೋಟೋ ತರಿಸಿ ಹೋಲಿಸಿ ನೋಡಿ, ಆಮೇಲೆ ಸೂಟ್‌ಕೇಸಿಗೆ ಹಾಕಿಸಿ. ಕಾರ್ಬ್ಯುರೇಟರ್, ಪೆಟ್ರೋಲ್ ಪಂಪ್ ಮಾತ್ರ ಹಾಕಿಸಬೇಡಿ, ಪೆಟ್ರೋಲ್ ವಾಸನೆ ಬಂದರೆ ಏರ್‌ಪೋರ್ಟಿನಲ್ಲೇ ತೆಗೆದಿಡುತ್ತಾರೆ. ಹಳೇ ಟ್ರನ್ನಿಯನ್ ಕೂಡ ಬೇಡ, ಕಾರಣ ಮೇಲೆ ಹೇಳಿದ್ದೇನೆ.

ಸ್ಟ್ಯಾಂಡರ್ಡ್ ಅಂತ ಬರೆದ ಬ್ಯಾಡ್ಜ್ ಏನಾದರೂ ಇನ್ನೂ ಇದ್ದರೆ ಅದನ್ನು ಮರೆಯದೆ ತರಿಸಿ. ಕ್ಲಬ್ಬಿನವರು ಒರಿಜಿನಲ್ ಅಲ್ಲ ಅಂತ ಮೂಗು ಮುರಿಯಬಹುದು, ಮುರಿಯಲಿ ಬಿಡಿ. ಡ್ಯಾಶ್‌ಬೋರ್ಡಿನ ಆ ಮರದ ಹಲಗೆಯ ಎಡಗಡೆ ಅದಕ್ಕೆ ಜಾಗ ಇದೆ. ತೂತು ಕೊರೆಯಬೇಡಿ, ಡಬಲ್ ಟೇಪ್ ಹಾಕಿ ಅಂಟಿಸಿ.